ಮನೆ ರಿಪೇರಿ ಅಂತ ಬರೆಸಿದ ಸಾಲ

(ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯ ಆರೋಗ್ಯ ಮಾಹಿತಿ ಅವಧಿಯಲ್ಲಿ, ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡ ಸದಸ್ಯೆಯೊಬ್ಬರು ಆಡಿದ ಮಾತುಗಳು. ಅವರ ಇಚ್ಛೆಯಂತೆ ಹೆಸರು, ಊರು ಹಾಕಿಲ್ಲ.)



ಮೈಕಿನ ಮುಂದೆ ಮಾತಾಡಿ ನನಗೆ ಅಭ್ಯಾಸ ಇಲ್ಲ. ಸಂಘದ ಸಭೆಯಲ್ಲಿ ವರದಿ ಓದುವಾಗಲೇ ನನ್ನ ಕೈ ನಡುಗುತ್ತದೆ. ಆದರೂ ಕಾರ್ಯಕರ್ತೆಯವರು ಮೂರು ಸಲ ಮನೆಗೆ ಬಂದು, "ಅಕ್ಕ, ನೀವೇ ಹೇಳಬೇಕು, ನಿಮ್ಮ ಬಗ್ಗೆ ಬೇರೆಯವರು ಹೇಳುವುದು ಜಾಸ್ತಿ ಆಗಿದೆ" ಅಂದರು. ಅದು ನಿಜ. ನನಗೆ ಕ್ಯಾನ್ಸರ್ ಅಂತ ಕೆಲವರು ಹೇಳಿದ್ದಾರೆ. ಯಾವುದೋ ಪುಡಿ ಕುಡಿದು ಸಪೂರ ಆದದ್ದು ಅಂತ ಇನ್ನು ಕೆಲವರು. ಆ ಪುಡಿ ಮಾರುವವರು ಒಂದು ಸಭೆಯಲ್ಲಿ ನನ್ನನ್ನೇ ಉದಾಹರಣೆ ಕೊಟ್ಟಿದ್ದಾರಂತೆ! ನಾನು ಅವರ ಮುಖವನ್ನೂ ನೋಡಿದವಳಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಾನು ಸಪೂರ ಆದದ್ದು ಆಪರೇಷನ್‌ನಿಂದ. 2022ರ ನವೆಂಬರ್ ತಿಂಗಳಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆದರು. ಆಗ ನನಗೆ 43 ವರ್ಷ, ತೂಕ 104 ಕಿಲೋ. ಈ ಆಪರೇಷನ್‌ಗೆ ಸಂಘದಿಂದ 50 ಸಾವಿರ ಸಾಲ ಪಡೆದೆ. ಸಾಲದ ಅರ್ಜಿಯಲ್ಲಿ ಬರೆಸಿದ್ದು "ಮನೆ ರಿಪೇರಿ". ಆಸ್ಪತ್ರೆಗೆ ನೋಡಲು ಬಂದವರ ಹತ್ತಿರ ಹೇಳಿದ್ದು "ಪಿತ್ತಕೋಶದಲ್ಲಿ ಕಲ್ಲು". ಎರಡೂ ಸುಳ್ಳು. ಸುಳ್ಳು ಯಾಕೆ ಹೇಳಿದೆ, ಅದರಿಂದ ಏನಾಯಿತು, ಅದನ್ನೇ ಇವತ್ತು ಹೇಳಲಿಕ್ಕೆ ಬಂದದ್ದು.

ನಾನು ಮದುವೆಯಾಗಿ ಬರುವಾಗ 52 ಕಿಲೋ ಇದ್ದವಳು. ಎರಡು ಹೆರಿಗೆ ಆಯಿತು. ಬೀಡಿ ಕಟ್ಟುವ ಕೆಲಸ ನಿಮಗೆ ಗೊತ್ತೇ ಉಂಟು, ಬೆಳಿಗ್ಗೆ ಮೊರ ಮಡಿಲಿಗೆ ಇಟ್ಟು ಕೂತರೆ ಬ್ರಾಂಚಿಗೆ ಹೋಗುವವರೆಗೆ ಏಳಲಿಕ್ಕಿಲ್ಲ. ಕೂತಲ್ಲಿಗೇ ಚಾ, ಚಾದ ಜೊತೆ ಎಂತಾದರೂ ಬಾಯಿಗೆ. ದಿನಕ್ಕೆ ಐದು ಸಲ ಸಕ್ಕರೆ ಹಾಕಿದ ಚಾ. ಮಧ್ಯಾಹ್ನ ಬಟ್ಟಲು ತುಂಬ ಕುಚ್ಚಲಕ್ಕಿ ಅನ್ನ, ರಾತ್ರಿ ಪುನಃ ಅನ್ನ, ಉಳಿದದ್ದು ಬಿಸಾಡಬಾರದು ಅಂತ ಪಾತ್ರೆ ತಳದ್ದೂ ನಾನೇ. ನಮ್ಮಲ್ಲಿ ಹೆಚ್ಚಿನ ಹೆಂಗಸರ ಕಥೆ ಇದೇ. ಆದರೆ ನನ್ನ ಪಕ್ಕದಲ್ಲಿ ಕೂತು ಅದೇ ಚಾ, ಅದೇ ಅನ್ನ ತಿಂದ ನನ್ನ ಓರಗಿತ್ತಿ ಈಗಲೂ 50 ಕಿಲೋ. ಇದನ್ನು ಡಾಕ್ಟರ ಹತ್ತಿರ ಕೇಳಿದ್ದಕ್ಕೆ ಅವರು, "ಎಲ್ಲರ ಶರೀರ ಒಂದೇ ರೀತಿ ಅಲ್ಲ. ವಂಶದಿಂದ ಬರುವುದು ಇರುತ್ತದೆ, ಹಸಿವು ಮಾಡಿಸುವ ರಸ ಇರುತ್ತದೆ. ತೂಕ ಒಮ್ಮೆ ಏರಿದ ಮೇಲೆ ಶರೀರವೇ ಅದನ್ನು ಹಿಡಿದು ಇಟ್ಟುಕೊಳ್ಳುತ್ತದೆ. ಇಳಿಸಲು ಹೋದರೆ ಹಸಿವು ಜಾಸ್ತಿ ಮಾಡುತ್ತದೆ" ಎಂದರು. ತಿಂದು ತಿಂದು ಹೀಗಾದದ್ದು ಎಂಬ ಮಾತನ್ನು ಇಪ್ಪತ್ತು ವರ್ಷ ಕೇಳಿದ ನನಗೆ, ಡಾಕ್ಟರ ಕೋಣೆಯಲ್ಲಿ ಕೂತು ಅವತ್ತು ಅಳು ಬಂತು.

ತೂಕ ಇಳಿಸಲು ನಾನು ಮಾಡದ ಪ್ರಯತ್ನ ಇಲ್ಲ. ಬೆಳಿಗ್ಗೆ ವಾಕಿಂಗ್ ಹೋದೆ, ಮೊಣಕಾಲು ನೋವಿನಿಂದ ನಿಂತಿತು. ರಾತ್ರಿ ಊಟ ಬಿಟ್ಟೆ, ಆರು ಕಿಲೋ ಇಳಿದು ಎಂಟು ಕಿಲೋ ಏರಿತು. ಸೊಂಟಕ್ಕೆ ಕಟ್ಟುವ ಬೆಲ್ಟನ್ನೂ ತರಿಸಿದ್ದೆ. ಅದು ಈಗ ಅಟ್ಟದಲ್ಲಿ ಉಂಟು, ಬೇಕಾದವರಿಗೆ ಪುಕ್ಕಟೆ ಕೊಡುತ್ತೇನೆ.

2019ರಲ್ಲಿ ನಮ್ಮ ಸಂಘದ ಒಂದು ಸಭೆ. ನಾನು ಕೂತ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು ನೆಲಕ್ಕೆ ಬಿದ್ದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಬ್ಬಿಸಲು ಮೂರು ಜನ ಬಂದರು. ಅವತ್ತು ಯಾರೋ ಒಬ್ಬರು, "ಕುರ್ಚಿಯ ದುಡ್ಡು ಇವಳ ಉಳಿತಾಯದಿಂದ ಹಿಡಿಯಬೇಕು" ಅಂತ ತಮಾಷೆ ಮಾಡಿದರು. ತಮಾಷೆಯೇ, ಕೆಟ್ಟ ಮನಸ್ಸಿನಿಂದ ಅಲ್ಲ. ಅವರು ಇವತ್ತೂ ಇಲ್ಲಿ ಕೂತಿದ್ದಾರೆ, ನನ್ನ ಕಷ್ಟಕಾಲದಲ್ಲಿ ಮನೆಗೆ ಬಂದು ಬಟ್ಟೆ ಒಗೆದು ಕೊಟ್ಟವರೂ ಅವರೇ. ಆದರೆ ಆ ದಿನದ ನಂತರ ನಾನು ಸಭೆಗೆ ಬಂದರೆ ಚಾಪೆಯ ಮೇಲೆ ಕೂರುತ್ತಿದ್ದೆ. ಕುರ್ಚಿ ಕೊಟ್ಟರೆ "ಸೆಕೆ" ಅಂತ ನಿಂತುಕೊಳ್ಳುತ್ತಿದ್ದೆ. ಆಪರೇಷನ್ ವಿಷಯ ಅಡಗಿಸಿಟ್ಟದ್ದು ಇದೇ ನಾಚಿಕೆಯಿಂದ.

ನನ್ನ ಮಗಳು ನರ್ಸ್. 2021ರಲ್ಲಿ ಅವಳು ರಜೆಯಲ್ಲಿ ಬಂದಾಗ ರಾತ್ರಿ ನನ್ನ ಪಕ್ಕ ಮಲಗಿದ್ದಳು. ನನ್ನ ಗೊರಕೆ ಮನೆಯವರಿಗೆಲ್ಲ ಅಭ್ಯಾಸ. ಅವಳು ಮಾತ್ರ ನಿದ್ದೆ ಮಾಡದೆ ಲೆಕ್ಕ ಹಾಕಿದಳು, ಗೊರಕೆ ಮಧ್ಯದಲ್ಲಿ ನನ್ನ ಉಸಿರು ನಿಲ್ಲುವುದನ್ನು. ಬೆಳಿಗ್ಗೆ ಎದ್ದು, "ಅಮ್ಮ, ನಿಮಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ, ಇದು ಗೊರಕೆ ಮಾತ್ರ ಅಲ್ಲ" ಎಂದಳು. ಪರೀಕ್ಷೆ ಮಾಡಿಸಿದಾಗ ಅದು ಹೌದಾಯಿತು. ಮೂಗಿಗೆ ಹಾಕುವ ಗಾಳಿಯ ಮಿಷನ್ ಕೊಟ್ಟರು. ಶುಗರ್ ಇತ್ತು, ಎರಡು ಮಾತ್ರೆ ಜೊತೆಗೆ ಇನ್ಸುಲಿನ್, ಆದರೂ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 9.8. ಬಿ.ಪಿ. ಇತ್ತು. ಒಂದು ವರ್ಷ ಆಹಾರ ತಜ್ಞೆ ಬರೆದುಕೊಟ್ಟ ಪಥ್ಯ ಮಾಡಿದೆ, ಐದು ಕಿಲೋ ಇಳಿದು ನಿಂತಿತು, ಮತ್ತೆ ಏರಿತು. ಆಮೇಲೆಯೇ ಡಾಕ್ಟರು ಆಪರೇಷನ್ ಮಾತು ಎತ್ತಿದ್ದು.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಪುಸ್ತಕ ಇದ್ದವರು ಬರೆದುಕೊಳ್ಳಿ. ನಿಮ್ಮ ತೂಕ ಕಿಲೋದಲ್ಲಿ, ಎತ್ತರ ಮೀಟರಿನಲ್ಲಿ. ತೂಕವನ್ನು ಎತ್ತರದಿಂದ ಒಮ್ಮೆ ಭಾಗಿಸಿ, ಬಂದದ್ದನ್ನು ಪುನಃ ಅದೇ ಎತ್ತರದಿಂದ ಭಾಗಿಸಿ. ಇದಕ್ಕೆ ಬಿ.ಎಂ.ಐ. ಎನ್ನುತ್ತಾರೆ. ನನ್ನ ಎತ್ತರ 1.52 ಮೀಟರ್, ತೂಕ 104. ಉತ್ತರ 45. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಬಿಳಿಯರಿಗಿಂತ ನಮಗೆ ಕಡಿಮೆ ತೂಕದಲ್ಲೇ ಶುಗರ್, ಹೃದಯದ ತೊಂದರೆ ಬರುವುದರಿಂದ ನಮಗೆ ಗಡಿ ಕೆಳಗೆ ಇಟ್ಟದ್ದು. ಆದರೆ 25 ದಾಟಿದ ಕೂಡಲೇ ಆಪರೇಷನ್ ಅಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಅದರ ಗಡಿ ತುಂಬಾ ಮೇಲೆ ಉಂಟು. ತೂಕದಿಂದಾಗಿ ಕಾಯಿಲೆ ಇರಬೇಕು, ಬೇರೆ ದಾರಿ ಪ್ರಯತ್ನಿಸಿ ಆಗಿರಬೇಕು, ಡಾಕ್ಟರು ಬೇಕು ಎನ್ನಬೇಕು. ಸೀರೆ ಚೆಂದ ಕಾಣಲಿ ಅಂತ ಮಾಡಿಸುವ ಆಪರೇಷನ್ ಇದಲ್ಲ.

ಹಣದ ವಿಷಯ ಹೇಳದಿದ್ದರೆ ನಮ್ಮ ಸಭೆ ಸಭೆಯೇ ಅಲ್ಲ. ಒಟ್ಟು ಖರ್ಚು 3 ಲಕ್ಷ 70 ಸಾವಿರ ಆಯಿತು. ನಮ್ಮವರು ರಿಕ್ಷಾ ಓಡಿಸುವವರು, ಅಷ್ಟು ಹಣ ಎಲ್ಲಿಂದ? ಮಗಳ ಒತ್ತಾಯದಿಂದ 2017ರಲ್ಲಿ ಒಂದು ಕುಟುಂಬ ಆರೋಗ್ಯ ವಿಮೆ ಮಾಡಿಸಿದ್ದೆವು, ವರ್ಷ ವರ್ಷ ತಪ್ಪದೆ ಕಟ್ಟಿದ್ದೆವು. ತೂಕ ಇಳಿಸುವ ಆಪರೇಷನ್‌ಗೆ ಮೊದಲೆಲ್ಲ ವಿಮೆಯವರು ಸಾಮಾನ್ಯವಾಗಿ ಕೊಡುತ್ತಿರಲಿಲ್ಲ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದವರು ಒಂದು ನಿಯಮ ತಂದರು. 18 ವರ್ಷ ಆಗಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿ.ಎಂ.ಐ. 40 ಅಥವಾ ಮೇಲೆ ಇರಬೇಕು. 35ರಿಂದ ಮೇಲಿದ್ದು ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ನಿದ್ದೆಯಲ್ಲಿ ಜೋರಾಗಿ ಉಸಿರು ಕಟ್ಟುವ ತೊಂದರೆ ಇಂಥದ್ದಿದ್ದು, ಬೇರೆ ಚಿಕಿತ್ಸೆಯಿಂದ ಗುಣ ಆಗದಿದ್ದರೂ ಆಗುತ್ತದೆ. ಈ ಷರತ್ತು ಪೂರೈಸದಿದ್ದರೆ ವಿಮೆ ಇಲ್ಲ. ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟು ಎಂದೂ ಮೊದಲೇ ನೋಡಬೇಕು. ನಮ್ಮ ಹತ್ತಿರ ಒಂದು ವರ್ಷದ ಪಥ್ಯದ ಚೀಟಿ, ನಿದ್ದೆ ಪರೀಕ್ಷೆಯ ವರದಿ ಎಲ್ಲ ಇತ್ತು. ಆದ್ದರಿಂದ ವಿಮೆಯವರು ಎರಡೂವರೆ ಲಕ್ಷ ಕೊಟ್ಟರು. ಚೀಟಿ ಬಿಸಾಡಬೇಡಿ ಅಂತ ಸಂಘದಲ್ಲಿ ಕಲಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಉಳಿದ ಒಂದು ಲಕ್ಷ 20 ಸಾವಿರಕ್ಕೆ ಸರ ಅಡವಿಟ್ಟು 70 ಸಾವಿರ, ಸಂಘದಿಂದ 50 ಸಾವಿರ.

ನಮ್ಮ ಸಂಘದ ನಿಯಮದಲ್ಲಿ ಆರೋಗ್ಯಕ್ಕೆ ಸಾಲ ಕೊಡಲು ಅವಕಾಶ ಇದೆ. ಅದನ್ನು ನಾನೇ ಕೈ ಎತ್ತಿ ಪಾಸು ಮಾಡಿದವಳು. ಆದರೂ ಬಾಯಿ ಬರಲಿಲ್ಲ. "ತಿಂದು ದಪ್ಪ ಆಗಿ ಅದನ್ನು ಇಳಿಸಲು ಸಂಘದ ದುಡ್ಡಾ?" ಅಂತ ಯಾರಾದರೂ ಕೇಳಿದರೆ? ಹಾಗೆ ಮನೆ ರಿಪೇರಿ ಅಂತ ಬರೆಸಿದೆ. ಕಾರ್ಯದರ್ಶಿಯವರು ನಂಬಿ, "ಮಳೆಗಾಲಕ್ಕೆ ಮೊದಲೇ ಹಂಚು ಹಾಕಿಸಬೇಕಿತ್ತು ನೀನು" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈಗ ಆಪರೇಷನ್. ಅದಕ್ಕೆ ಎರಡು ವಾರ ಮೊದಲು ಅನ್ನ, ದೋಸೆ ಎಲ್ಲ ಬಂದ್. ಪ್ರೋಟೀನ್ ಪುಡಿ, ಮಜ್ಜಿಗೆ, ಸೂಪು ಅಷ್ಟೇ. ದಪ್ಪ ಇರುವವರ ಲಿವರಿನಲ್ಲಿ ಕೊಬ್ಬು ತುಂಬಿ ಅದು ದೊಡ್ಡದಾಗಿ ಜಠರದ ಮೇಲೆ ಮಲಗಿರುತ್ತದಂತೆ. ಈ ಪಥ್ಯದಿಂದ ಅದು ಕುಗ್ಗುತ್ತದೆ, ಡಾಕ್ಟರಿಗೆ ಕೆಲಸ ಮಾಡಲು ಜಾಗ ಸಿಗುತ್ತದೆ. ಆ ಎರಡು ವಾರ ಮನೆಯವರಿಗೆ ಬಂಗುಡೆ ಸಾರು ಮಾಡಿ ಬಡಿಸಿ ನಾನು ಮಜ್ಜಿಗೆ ಕುಡಿದೆ. ನಾಲ್ಕು ಕಿಲೋ ಇಳಿದು ನೂರಕ್ಕೆ ಬಂದೆ.

ಹೊಟ್ಟೆ ಸೀಳುವುದಿಲ್ಲ. ಐದು ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ಮಾಡುತ್ತಾರೆ. ಚೀಲದಂತಿರುವ ಜಠರವನ್ನು ಉದ್ದಕ್ಕೆ ಪಿನ್ ಹೊಡೆದು ಕತ್ತರಿಸಿ, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಮಾತ್ರ ಉಳಿಸುತ್ತಾರೆ. ಇದಕ್ಕೆ ಸ್ಲೀವ್ ಎನ್ನುತ್ತಾರೆ, ಅಂಗಿಯ ತೋಳು ಇದ್ದ ಹಾಗೆ. ಕರುಳಿಗೆ ಬೇರೆ ದಾರಿ ಜೋಡಿಸುವ ಬೈಪಾಸ್ ಎಂಬ ಇನ್ನೊಂದು ವಿಧವೂ ಉಂಟು. ಯಾರಿಗೆ ಯಾವುದು ಎಂದು ಡಾಕ್ಟರೇ ಹೇಳಬೇಕು. ತೆಗೆದ ಭಾಗದಲ್ಲೇ ಹಸಿವು ಹುಟ್ಟಿಸುವ ರಸ ಹೆಚ್ಚು ಉತ್ಪತ್ತಿ ಆಗುವುದಂತೆ, ಆದ್ದರಿಂದ ಹಸಿವೂ ಕಡಿಮೆ ಆಗುತ್ತದೆ. ತೆಗೆದದ್ದನ್ನು ತಿರುಗಿ ಜೋಡಿಸಲು ಬರುವುದಿಲ್ಲ. ಸಹಿ ಹಾಕುವ ಮೊದಲು ಡಾಕ್ಟರು ಇದನ್ನು ಎರಡು ಸಲ ಹೇಳಿದರು. ಪಿನ್ ಹೊಡೆದಲ್ಲಿ ಸೋರಬಹುದು, ರಕ್ತ ಹೋಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು, ಅಪರೂಪಕ್ಕೆ ಜೀವವೂ ಹೋಗಬಹುದು ಎಂದು ಎಲ್ಲ ಬಿಡಿಸಿ ಹೇಳಿದರು. ನಮ್ಮವರ ಮುಖ ಬಿಳುಚಿತು. ನಾನು ಮಾತ್ರ ಸಹಿ ಹಾಕಿದೆ. ಇಂಗ್ಲಿಷಿನಲ್ಲಿದ್ದ ಕಾಗದವನ್ನು ಮಗಳು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಹಾಕಿದ್ದು.

ಅದೇ ದಿನ ಸಂಜೆ ಎಬ್ಬಿಸಿ ನಡೆಸಿದರು. ನೋವಿಗಿಂತ ಹೆಚ್ಚು ಭುಜದಲ್ಲಿ ಸೆಳೆತ, ಹೊಟ್ಟೆಗೆ ತುಂಬಿದ ಗಾಳಿಯಿಂದ ಹಾಗಾಗುತ್ತದಂತೆ. ಮರುದಿನ ನೀರು ಕೊಟ್ಟರು. ಎಷ್ಟು ಗೊತ್ತುಂಟಾ? ಕೆಮ್ಮಿನ ಔಷಧದ ಬಾಟಲಿ ಮೇಲಿನ ಮುಚ್ಚಳ ಇದೆಯಲ್ಲ, ಅಷ್ಟು. ಅದನ್ನು ಕುಡಿದು ಮುಗಿಸಲು ಹತ್ತು ನಿಮಿಷ. ಅಷ್ಟರಲ್ಲೇ ಎದೆಗೂಡಿನ ಕೆಳಗೆ ಕಟ್ಟಿದ ಹಾಗಾಯಿತು. ಜೀವಮಾನದಲ್ಲಿ ಚೆಂಬು ಎತ್ತಿ ಗಟಗಟ ಕುಡಿದವಳು, ಮುಚ್ಚಳ ಹಿಡಿದುಕೊಂಡು ಕೂತೆ. ಇನ್ಸುಲಿನನ್ನು ಆಸ್ಪತ್ರೆಯಲ್ಲೇ ನಿಲ್ಲಿಸಿದರು. ನಾಲ್ಕನೇ ದಿನ ಮನೆಗೆ.

ಮನೆಗೆ ಬಂದ ಮೇಲಿನದ್ದೇ ನಿಜವಾದ ಆಪರೇಷನ್. ಎರಡು ವಾರ ಬರೀ ನೀರಾದದ್ದು. ಕುಚ್ಚಲಕ್ಕಿ ಗಂಜಿಯ ತಿಳಿ, ಹೆಸರುಬೇಳೆ ಕಟ್ಟು, ಸೋಸಿದ ಕೋಳಿ ಸೂಪು, ನೀರು ಮಜ್ಜಿಗೆ, ಪ್ರೋಟೀನ್ ಪುಡಿ ಕದಡಿದ ಹಾಲು. ಆಮೇಲೆ ಎರಡು ವಾರ ಮಕ್ಕಳಿಗೆ ಕೊಡುವ ಹಾಗೆ ನುರಿದದ್ದು, ಆಮೇಲೆ ಮೆತ್ತಗಿನದ್ದು. ಮನೆಯವರು ತಿನ್ನುವ ಊಟಕ್ಕೆ ಬರಲು ಎರಡು ತಿಂಗಳು. ಆಗಲೂ ಮೂರು ಚಮಚ ತಿಂದರೆ ಮುಗಿಯಿತು. ನಿಯಮ ಹೀಗೆ: ಮೊದಲು ಮೀನು, ಮೊಟ್ಟೆ, ಬೇಳೆ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಒಂದೊಂದು ತುತ್ತೂ ಹಿಟ್ಟಾಗುವವರೆಗೆ ಜಗಿಯಬೇಕು. ಮೂರನೇ ತಿಂಗಳಲ್ಲಿ ಒಂದು ದಿನ ಬೀಡಿ ಎಲೆ ತರಲು ತಡವಾಗುತ್ತದೆ ಅಂತ ಒಂದು ದೋಸೆ ಬೇಗ ಬೇಗ ನುಂಗಿದೆ. ಎದೆಯ ಹತ್ತಿರ ಕಲ್ಲು ಕೂತ ಹಾಗೆ, ಬಾಯಿ ತುಂಬ ನೊರೆ ನೊರೆ ಎಂಜಲು, ಕೊನೆಗೆ ವಾಂತಿ. ಒಂದು ಗಂಟೆ ಬಾವಿಕಟ್ಟೆ ಹಿಡಿದು ನಿಂತೆ. ಅಂದಿನಿಂದ ಬ್ರಾಂಚು ಮುಚ್ಚಿದರೂ ಸರಿ, ನನ್ನ ಊಟ ಅರ್ಧ ಗಂಟೆ.

ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು ಅಂದರು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಪುಡಿಯ ಡಬ್ಬಕ್ಕೆ ಸಾವಿರದ ಮೇಲೆ. ಎರಡು ಡಬ್ಬ ಮುಗಿದ ಮೇಲೆ ಆಹಾರ ತಜ್ಞೆಯ ಹತ್ತಿರ ಕೇಳಿದೆ, "ಮೇಡಂ, ಬೂತಾಯಿ ಆಗುತ್ತದಾ?" ಅವರು ನಕ್ಕು, "ಅದಕ್ಕಿಂತ ಒಳ್ಳೆಯದು ಯಾವುದು? ಹುರಿಯಬೇಡಿ, ಸಾರು ಮಾಡಿ" ಎಂದರು. ಬೂತಾಯಿ, ಮೊಟ್ಟೆ, ಮೊಸರು, ಹೆಸರುಕಾಳು ಇದರಲ್ಲೇ ಈಗ ಲೆಕ್ಕ ಸರಿ ಮಾಡುತ್ತೇನೆ.

ಇನ್ನು ನನ್ನದೇ ಒಂದು ಮೂರ್ಖತನ. ಹೊಟ್ಟೆ ಚಿಕ್ಕದಾದ ಮೇಲೆ ಊಟದಿಂದ ಮಾತ್ರ ಎಲ್ಲ ಸತ್ವ ಸಿಗುವುದಿಲ್ಲ. ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಇವೆಲ್ಲ ಜೀವನಪೂರ್ತಿ ತೆಗೆದುಕೊಳ್ಳಬೇಕು, ವರ್ಷ ವರ್ಷ ರಕ್ತ ಪರೀಕ್ಷೆ ಮಾಡಿಸಬೇಕು ಅಂತ ಹೇಳಿಯೇ ಕಳಿಸಿದ್ದರು. ಎಂಟನೇ ತಿಂಗಳಲ್ಲಿ ನನಗೆ ಆರೋಗ್ಯ ಚೆನ್ನಾಗಿತ್ತು, ಸಾಲದ ಕಂತು ಇತ್ತು. ಮಾತ್ರೆಗೆ ಯಾಕೆ ಸುಮ್ಮನೆ ದುಡ್ಡು ಅಂತ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ, ಸುಳ್ಳು ಒಂದು ಅಭ್ಯಾಸವೇ ಆಗಿತ್ತು. ವರ್ಷದ ಪರೀಕ್ಷೆಗೆ ಹೋಗುವಾಗ ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಜುಮು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 8.6, ಬಿ12 ತಳ ಹಿಡಿದಿತ್ತು. ಡಾಕ್ಟರು ಬೈದದ್ದು ಹೊರಗೆ ಕೂತಿದ್ದ ನಮ್ಮವರಿಗೂ ಕೇಳಿಸಿತಂತೆ. ಇಂಜೆಕ್ಷನ್ ಮೇಲೆ ಇಂಜೆಕ್ಷನ್, ಸರಿಯಾಗಲು ನಾಲ್ಕು ತಿಂಗಳು. ನಿಲ್ಲದ ವಾಂತಿ ಆದರೆ ಇದಕ್ಕಿಂತ ಬೇಗ ನರಕ್ಕೆ ಪೆಟ್ಟು ಬೀಳುತ್ತದಂತೆ. ಆಗ ಮನೆಯಲ್ಲಿ ಕಷಾಯ ಕುಡಿದು ಕೂರಬಾರದು, ಆಪರೇಷನ್ ಮಾಡಿದ ಆಸ್ಪತ್ರೆಗೇ ಓಡಬೇಕು.

ಕೂದಲು ಉದುರಿತು, ನಾಲ್ಕನೇ ತಿಂಗಳಿಂದ. ಮಲ್ಲಿಗೆ ಮುಡಿಯಲು ಜಡೆ ಇಲ್ಲದಾಯಿತು. ಒಂದು ವರ್ಷದ ಹೊತ್ತಿಗೆ ಪುನಃ ಬಂತು. ಚರ್ಮ ಮಾತ್ರ ಬರಲಿಲ್ಲ, ಅಂದರೆ ಬಿಗಿಯಾಗಲಿಲ್ಲ. ತೋಳಿನ ಕೆಳಗೆ, ಹೊಟ್ಟೆಯಲ್ಲಿ ಜೋತು ಬಿದ್ದಿದೆ. ಮಳೆಗಾಲದಲ್ಲಿ ಮಡಿಕೆಯೊಳಗೆ ಬೆವರುಸಾಲೆ ಆಗುತ್ತದೆ, ಹತ್ತಿ ಬಟ್ಟೆ ಇಟ್ಟುಕೊಳ್ಳುತ್ತೇನೆ. ಆಮೇಲೆ ಒಂದು ತಮಾಷೆ. ತೂಕ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಉಂಟು ಅಂತ ಆರು ತಿಂಗಳು ಮಾತ್ರೆ ಕೊಟ್ಟರು. ನಾನು ಊರಿಗೆಲ್ಲ ಹೇಳಿದ ಕಾಯಿಲೆ ನಿಜವಾಗಿ ಬಾರದಿರಲಿ ಅಂತ ದಿನಾ ಮಾತ್ರೆ ನುಂಗಿದೆ!

ಒಳ್ಳೆಯದೂ ಹೇಳಬೇಕು. ಆರು ತಿಂಗಳಲ್ಲಿ 76 ಕಿಲೋಗೆ ಬಂದೆ, ಒಂದೂವರೆ ವರ್ಷದಲ್ಲಿ 66. ಗಾಳಿಯ ಮಿಷನ್ ಒಂದು ವರ್ಷದ ನಂತರ ಪರೀಕ್ಷೆ ಮಾಡಿ ನಿಲ್ಲಿಸಿದರು. ಇನ್ಸುಲಿನ್ ಈವರೆಗೆ ಪುನಃ ಬೇಕಾಗಿಲ್ಲ, ಒಂದು ಮಾತ್ರೆಯಲ್ಲಿ ಶುಗರ್ 6.3 ಉಂಟು. ಬಸ್ಸಿನಲ್ಲಿ ನಾನು ಕೂತ ಸೀಟಿನಲ್ಲಿ ಇನ್ನೊಬ್ಬರು ಬಂದು ಕೂತಾಗ ನನಗೆ ಆದ ಸಂತೋಷ ಅವರಿಗೆ ಗೊತ್ತಿಲ್ಲ. ಈಗ ಪುನಃ 70 ಆಗಿದ್ದೇನೆ. ಸಂಜೆ ಬೀಡಿ ಕಟ್ಟುವಾಗ ಹೊಟ್ಟೆಗೆ ಹಸಿವಿಲ್ಲದಿದ್ದರೂ ಕೈ ಚಕ್ಕುಲಿ ಡಬ್ಬ ಹುಡುಕುತ್ತದೆ. ಜಠರ ಕತ್ತರಿಸಿದರು, ತಲೆಯೊಳಗಿನ ಹಸಿವನ್ನು ಕತ್ತರಿಸಲು ಬರುವುದಿಲ್ಲವಲ್ಲ. ಡಬ್ಬವನ್ನು ನಮ್ಮವರ ರಿಕ್ಷಾದಲ್ಲಿ ಇಟ್ಟಿದ್ದೇವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಇಳಿಯುತ್ತಾ ಬಂದ ಹಾಗೆ ಎಲ್ಲರೂ ಕೇಳತೊಡಗಿದರು, "ಎಂತ ಮಾಡಿದ್ದು ಮಾರಾಯ್ತಿ?" ನಾನು ಒಂದು ಉತ್ತರ ರೆಡಿ ಮಾಡಿದ್ದೆ: "ರಾತ್ರಿ ಅನ್ನ ಬಿಟ್ಟೆ, ಬೆಳಿಗ್ಗೆ ಜೀರಿಗೆ ನೀರು ಕುಡಿದೆ." ನಮ್ಮ ಸಂಘದಲ್ಲಿ ನನಗಿಂತ ಚಿಕ್ಕವಳು ಒಬ್ಬ ತಂಗಿ ಇದ್ದಾಳೆ. ಅವಳಿಗೂ ತೂಕ, ಅವಳಿಗೂ ಶುಗರ್. ನನ್ನಷ್ಟು ಅಲ್ಲ. ಅವಳು ನನ್ನ ಮಾತನ್ನು ಕಿವಿಯಲ್ಲಿ ಹಾಕಿಕೊಂಡು ಮನೆಗೆ ಹೋಗಿ ರಾತ್ರಿ ಊಟ ಬಿಟ್ಟಳು. ತೂಕ ನನ್ನ ಹಾಗೆ ಇಳಿಯಲಿಲ್ಲ. ಅಕ್ಕನಿಗೆ ಇಳಿದಿದೆ, ನನಗೆ ಯಾಕೆ ಇಳಿಯುವುದಿಲ್ಲ, ನನ್ನ ಛಲ ಸಾಲದು ಅಂತ ಬೆಳಿಗ್ಗಿನದ್ದನ್ನೂ ಬಿಟ್ಟಳು. ಶುಗರ್ ಮಾತ್ರೆಯನ್ನು ಮಾತ್ರ ತಪ್ಪದೆ ತೆಗೆದುಕೊಂಡಳು. ಕೆಲವು ಶುಗರ್ ಮಾತ್ರೆಗಳು ಊಟ ಮಾಡಿದರೂ ಮಾಡದಿದ್ದರೂ ಶುಗರ್ ಇಳಿಸುತ್ತವೆ. ಅವಳದ್ದು ಗ್ಲಿಮೆಪಿರೈಡ್ ಇದ್ದ ಮಾತ್ರೆ. 2023ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಬಾವಿ ಹತ್ತಿರ ಬಿದ್ದಿದ್ದಳು. ಶಾಲೆಗೆ ಹೊರಟ ಮಗ ನೋಡಿದ್ದು. ಆಸ್ಪತ್ರೆಗೆ ಒಯ್ದದ್ದು ನಮ್ಮವರ ರಿಕ್ಷಾದಲ್ಲೇ. ಶುಗರ್ 38ಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟು ಎಬ್ಬಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಹೇಳಿ ಅರ್ಧಕ್ಕೆ ನಿಲ್ಲಿಸಿದರಂತೆ.

ಅವತ್ತು ರಾತ್ರಿ ನಮ್ಮವರು ಊಟಕ್ಕೆ ಕೂತು, "ಅವಳು ನಿನ್ನ ಹಾಗೆ ಆಗಲು ಹೋಗಿ ಬಿದ್ದದ್ದಂತೆ" ಅಂದರು. ಅಷ್ಟೇ ಅಂದದ್ದು. ನನಗೆ ಮೂರು ಚಮಚವೂ ಇಳಿಯಲಿಲ್ಲ.

ಮರುದಿನ ಆಸ್ಪತ್ರೆಗೆ ಹೋಗಿ ಅವಳ ಹಾಸಿಗೆ ಪಕ್ಕ ಕೂತು ಎಲ್ಲ ಹೇಳಿದೆ. ಸೆರಗು ಸರಿಸಿ ಹೊಟ್ಟೆಯ ಐದು ಕಲೆ ತೋರಿಸಿದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕ, ನಾನು ನಿಮ್ಮನ್ನು ನಂಬಿ ಹೊಟ್ಟೆ ಕಾಯಿಸಿದ್ದು" ಅಂದಳು. ಗೋಡೆ ಕಡೆ ತಿರುಗಿ ಮಲಗಿದಳು. ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಅದು ನ್ಯಾಯವೇ. ಇವತ್ತು ಅವಳ ವಿಷಯ ಹೇಳಲಿಕ್ಕೆ ಅವಳ ಒಪ್ಪಿಗೆ ತೆಗೆದುಕೊಂಡಿದ್ದೇನೆ.

ಮುಂದಿನ ವಾರದ ಸಭೆಯಲ್ಲಿ ನಾನೇ ಎದ್ದು ನಿಂತೆ. ಸಾಲದ ಉದ್ದೇಶ ಸುಳ್ಳು, ಕಂತು ಒಂದೂ ತಪ್ಪಿಸಿಲ್ಲ, ಆದರೂ ತಪ್ಪು ತಪ್ಪೇ, ದಂಡ ಹಾಕಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕುರ್ಚಿಯ ತಮಾಷೆ ಮಾಡಿದವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಅಧ್ಯಕ್ಷೆಯವರು ಮಾತ್ರ, "ಪ್ರೀತಿ ಬೇರೆ, ನಿಯಮ ಬೇರೆ" ಅಂತ 500 ರೂಪಾಯಿ ದಂಡ ಹಾಕಿದರು. ಸರಿಯೇ ಮಾಡಿದರು. ಕಾರ್ಯದರ್ಶಿಯವರು ನಿರ್ಣಯ ಪುಸ್ತಕದಲ್ಲಿ "ಮನೆ ರಿಪೇರಿ" ಎಂಬುದಕ್ಕೆ ಕೆಂಪು ಗೆರೆ ಎಳೆದು "ಆರೋಗ್ಯ, ಆಪರೇಷನ್" ಎಂದು ಬರೆದು ಎಲ್ಲರ ಸಹಿ ಹಾಕಿಸಿದರು. ಪುಸ್ತಕ ಈಗಲೂ ಉಂಟು, ನೋಡಬಹುದು.

ಆ ತಂಗಿ ಈಗ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬದಲಾಯಿಸಿಕೊಂಡಿದ್ದಾಳೆ. ಅವಳಿಗೆ ಆಪರೇಷನ್ ಬೇಕಾಗಿಲ್ಲ ಅಂದರು. ಹೊತ್ತಿಗೆ ಸರಿಯಾಗಿ ಊಟ, ಅನ್ನ ಅರ್ಧ, ಸಕ್ಕರೆ ಇಲ್ಲದ ಚಾ, ಪ್ರತಿ ಗಂಟೆಗೆ ಮೊರ ಕೆಳಗಿಟ್ಟು ಅಂಗಳಕ್ಕೆ ಎರಡು ಸುತ್ತು. ಏಳು ಕಿಲೋ ಇಳಿದಿದ್ದಾಳೆ. ನನ್ನ 34ಕ್ಕಿಂತ ಅವಳ ಏಳು ಕಷ್ಟದ್ದು ಅಂತ ನಾನು ಹೇಳುತ್ತೇನೆ.

ಕೊನೆಗೆ ಎರಡು ಮಾತು. 2025ರಿಂದ ನಮ್ಮ ದೇಶದಲ್ಲಿ ತೂಕ ಇಳಿಸುವ, ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್ ಸಿಗುತ್ತಿದೆ. ನನಗೆ ತುಂಬ ಜನ ಫೋನ್ ಮಾಡಿ ಕೇಳುತ್ತಾರೆ. ಡಾಕ್ಟರು ಬರೆದುಕೊಟ್ಟರೆ ಮಾತ್ರ ಅದು. ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ಪುನಃ ಏರುತ್ತದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಪುಡಿ ಡಬ್ಬ ತಂದು ಮಾರುವವರಿಗೆ ನನ್ನ ಹೆಸರು ಹೇಳಬೇಡಿ ಅಂತ ಹೇಳಿ. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿ.ಪಿ. ಪುಕ್ಕಟೆ ನೋಡುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಬರೆಸಿ.

ಪ್ರಶ್ನೆ ಇದ್ದವರು ಊಟದ ನಂತರ ನನ್ನ ಹತ್ತಿರ ಬನ್ನಿ, ಕಲೆ ನೋಡಬೇಕು ಅಂದರೆ ಅದನ್ನೂ ತೋರಿಸುತ್ತೇನೆ. ಸ್ವಲ್ಪ ಕಾಯಬೇಕಾದೀತು, ನನ್ನ ಊಟ ಅರ್ಧ ಗಂಟೆ. ಬಡಿಸುವವರ ಹತ್ತಿರ ಒಂದು ವಿನಂತಿ, ನನ್ನ ಬಟ್ಟಲು ನಾನೇ ತಂದಿದ್ದೇನೆ, ಚಿಕ್ಕದುಂಟು, ಅದರ ಮೇಲೆ ಒತ್ತಾಯ ಮಾಡಿ ಪಾಯಸ ಹಾಕಬೇಡಿ.